ಗೋಡೆ ಕೊರೆಯುವ ಮುನ್ನ

ತುಕಾರಾಮಣ್ಣ ಗೋಡೆ ಕೊರೆಯುವ ಮೊದಲು ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದ. ಅಂಗೈಯಿಂದ ಗೋಡೆ ಸವರಿ, ಮನೆಯ ಹಿರಿಯ ಹೆಣ್ಣುಮಗಳ ಕಡೆ ತಿರುಗಿ, "ಆಯಿ, ಕೊರೀಲ್ರೀ?" ಎಂದು ಕೇಳುತ್ತಿದ್ದ. ಯಜಮಾನ ಎದುರಿಗೇ ನಿಂತು ಒಪ್ಪಿಗೆ ಕೊಟ್ಟಿದ್ದರೂ ಅವನಿಗದು ಸಾಲದು. ವರ್ಷವರ್ಷವೂ ಸುಣ್ಣ ಬಳಿದವರು ಆ ಹೆಣ್ಣುಮಕ್ಕಳು, ಕೇಳಬೇಕಾದ್ದು ಅವರನ್ನೇ ಎಂಬುದು ಅವನ ವಾದ.

ನಮ್ಮೂರು ಉಗಾರ ಖುರ್ದದಲ್ಲಿ ಮೊದಲು ಟಿವಿ ಕೇಬಲ್ ಎಳೆದವನೂ, ಹತ್ತು ವರ್ಷದ ಮೇಲೆ ಇಂಟರ್ನೆಟ್ ವಾಯರ್ ಎಳೆದವನೂ ಅವನೇ. ಟೇಪು ಹಿಡಿದವನಲ್ಲ. ಎರಡೂ ಕೈ ಚಾಚಿ ಮಾರಿನಲ್ಲಿ ಅಳೆದು, ಒಂದು ಮಾರು ಹೆಚ್ಚಿಗೆ ಬಿಟ್ಟು ಸುತ್ತಿಡುತ್ತಿದ್ದ. ನಾಳೆ ಮಂಚ ಸರಿಸಿದರೆ ವಾಯರ್ ಸಾಲದೆ ಬರಬಾರದಲ್ಲ. ವೈಫೈ ಮೇಲೆ ಅವನಿಗೆ ಸಿಟ್ಟಿರಲಿಲ್ಲ, ನಂಬಿಕೆಯೂ ಇರಲಿಲ್ಲ.

ನನ್ನ ಅಕ್ಕ ಸುನಂದಾ ಜೈನ ಸನ್ಯಾಸಿನಿಯಾಗಿ, ಆರ್ಯಿಕೆಯಾಗಿ ದೀಕ್ಷೆ ತೆಗೆದುಕೊಳ್ಳುವುದು ನಿಶ್ಚಯವಾದಾಗ ಅವ್ವ ಸೊಂಟದ ಎಲುಬು ಮುರಿದುಕೊಂಡು ಒಳಕೋಣೆಯ ಮಂಚ ಹಿಡಿದಿದ್ದಳು. ಸಮಾರಂಭವೋ ಮಹಾರಾಷ್ಟ್ರದ ದೂರದ ಒಂದು ಕ್ಷೇತ್ರದಲ್ಲಿ. ದೀಕ್ಷೆಯಾದ ಮೇಲೆ ಅಕ್ಕನಿಗೆ ಹೊಸ ಹೆಸರು. ಅವಳು ನಮ್ಮ ಮನೆಯ ಮಗಳಾಗಿ ಉಳಿಯುವುದಿಲ್ಲ. ಅದಕ್ಕೆ ಮುಂಚೆ ಆ ಮುಖ, ತಾನು ಎಣ್ಣೆ ಹಚ್ಚಿ ಬೆಳೆಸಿದ ಆ ಕೂದಲು ಒಮ್ಮೆ ನೋಡಬೇಕೆಂಬುದೊಂದೇ ಅವ್ವನ ಆಸೆ. ಇಂಟರ್ನೆಟ್ಟಿನಲ್ಲಿ ನೇರಪ್ರಸಾರವಿತ್ತು. ಹೆಂಡತಿ ಮಕ್ಕಳನ್ನು ಸಮಾರಂಭಕ್ಕೆ ಕಳಿಸಿ, ನಾನು ಅವ್ವನ ಬಳಿ ಉಳಿದು, ಮಂಚದ ಎದುರಿಗೆ ಹೊಸ ಟಿವಿ ಕೂಡಿಸಿದೆ.

ವಾಯರ್ ಎಳೆಯಲು ಬಂದ ತುಕಾರಾಮಣ್ಣನನ್ನು ಮಾತ್ರ ತಡೆದೆ. ಗೋಡೆಗೆ ಆಗಷ್ಟೇ ಬಣ್ಣ ಹಚ್ಚಿಸಿದ್ದೆ. ಪಡಸಾಲೆಯಲ್ಲಿ ವೈಫೈ ಡಬ್ಬಿ ಇದ್ದೇ ಇತ್ತು. ಟಿವಿ ಹಚ್ಚಿ ನೋಡಿದರೆ ಚಿತ್ರ ಚೆನ್ನಾಗಿಯೇ ಬಂತು. ಅವನು ಗೋಡೆಯ ಮೇಲೆ ಕೈಯಿಟ್ಟು, ಇದು ಎರಡು ಫೂಟು ದಪ್ಪದ ಕಲ್ಲಿನ ಗೋಡೆ ಎಂದು ಎಚ್ಚರಿಸಿದ. ನಾನು ಶಾಲೆಯ ಮಾಸ್ತರ, ನನಗೆ ತಿಳಿಯದ್ದೇ?

"ಮಾಸ್ತರ್ರ, ಗಾಳ್ಯಾಗ ಬಿಟ್ಟದ್ದು ಬಂದ ಮಂದಿಗೆಲ್ಲಾ ಹಂಚಿ ಹೋಗತೈತ್ರಿ. ವಾಯರಿನ್ಯಾಗ ಬಂದದ್ದು ಆಯೀಗೇ ಮುಟ್ಟತೈತಿ."

ನಕ್ಕು ಕಳಿಸಿಬಿಟ್ಟೆ. ಬಣ್ಣದ ಮೇಲಿನ ಆ ಮೋಹಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ದೀಕ್ಷೆ; ಅವ್ವನ ಜೊತೆ ಕೂರಲೆಂದು ಬೇಡಕಿಹಾಳದಿಂದ, ರಾಯಬಾಗದಿಂದ ಬೀಗರು ನೆಂಟರೆಲ್ಲ ಬಂದರು. ಚಹಾದ ಜೊತೆ ವೈಫೈ ಪಾಸ್‌ವರ್ಡನ್ನೂ ಕೊಟ್ಟವನು ನಾನೇ; ಮನೆಗೆ ಬಂದವರು ಕೇಳಿದ್ದಕ್ಕೆ ಇಲ್ಲವೆನ್ನುವುದು ನಮಗೆ ಗೊತ್ತಿಲ್ಲ. ಪಡಸಾಲೆಯಲ್ಲಿ ಒಬ್ಬೊಬ್ಬರೂ ತಮ್ಮ ಮೊಬೈಲಿನಲ್ಲಿ ಅದೇ ದೀಕ್ಷೆಯನ್ನು ಭಕ್ತಿಯಿಂದ ನೋಡುತ್ತ ಕುಳಿತರು. ಒಳಗೆ ಅವ್ವನ ಟಿವಿಯಲ್ಲಿ ಚಿತ್ರ ನಿಂತುಹೋಗಿ ಬಿಳಿ ಚಕ್ರ ಸುತ್ತತೊಡಗಿತು. ಮೊಬೈಲನ್ನೇ ಹಿಡಿದು ತೋರಿಸಿದರೆ ಪೊರೆ ಬಂದ ಅವಳ ಕಣ್ಣಿಗೆ ಅಷ್ಟು ಸಣ್ಣದು ಕಾಣಲೊಲ್ಲದು. ಕೂದಲು ಕೀಳುವ ಕೇಶಲೋಚಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು. ದೀಕ್ಷೆ ನೋಡುವ ಬೀಗರಿಗೆ ಮೊಬೈಲು ಬಂದ್ ಮಾಡಿ ಎನ್ನಲಾಗದೆ, ಮರ್ಯಾದೆ ಬಿಟ್ಟು ತುಕಾರಾಮಣ್ಣನಿಗೆ ಫೋನು ಮಾಡಿದೆ.

ಊಟದ ತಾಟು ಬಿಟ್ಟು ಬಂದ. ಹೆಗಲಲ್ಲಿ ವಾಯರಿನ ಸುರುಳಿ. ಆ ಅವಸರದಲ್ಲೂ ಚಪ್ಪಲಿ ಬಿಟ್ಟು, ಗೋಡೆ ಸವರಿ, ಅವ್ವನನ್ನು ಕೇಳಿದ.

"ಕೊರಿಯಪಾ, ಲಗೂನ ಕೊರಿ," ಎಂದಳು ಅವ್ವ.

ನನ್ನ ಹೊಸ ಬಣ್ಣ ಪುಡಿಪುಡಿಯಾಗಿ ನೆಲಕ್ಕುದುರಿತು. ಟಿವಿಯಲ್ಲಿ ಚಿತ್ರ ಬಂದಾಗ ಅಕ್ಕ ಮುಡಿ ಬಿಚ್ಚಿ ಕುಳಿತಿದ್ದಳು.

"ಸುನಂದಾ," ಎಂದು ಅವ್ವ ಕರೆದಳು. ಆಮೇಲೆ ನಮ್ಮ ಕಡೆ ತಿರುಗಿ, "ಇದೊಂದ ಸಲ ಕರದ ಬಿಡ್ತೀನಿ," ಎಂದಳು.

ಕೂದಲು ಕೀಳತೊಡಗಿದಾಗ ಅವ್ವನ ಬೆರಳುಗಳು ಹೊದಿಕೆಯ ಮೇಲೆ ಹೆರಳು ಹೆಣೆಯುವಂತೆ ಆಡಿದವು. ಹೊಸ ಹೆಸರು ಕೂಗಿದಾಗ ಅವಳು ಮಗಳಿಗೆ ಕೈಮುಗಿದಳು. ತುಕಾರಾಮಣ್ಣ ಡ್ರಿಲ್ ಹಿಡಿದುಕೊಂಡೇ ಬಾಗಿಲಲ್ಲಿ ಅಳುತ್ತಿದ್ದ. ನನಗೂ ಅಳು ತಡೆಯಲಾಗಲಿಲ್ಲ.

ಅವ್ವ ತೀರಿಕೊಂಡ ಮರುವರ್ಷ ಹೆಚ್ಚು ಜೋರಿನ ವೈಫೈ ಡಬ್ಬಿ ತಂದು, ವಾಯರ್ ತೆಗೆದು ರಂಧ್ರ ಮುಚ್ಚಲು ಅವನನ್ನೇ ಕರೆದೆ. ಅವನು ಚಪ್ಪಲಿ ಬಿಟ್ಟು ಗೋಡೆಯ ಮೇಲೆ ಅಂಗೈಯಿಟ್ಟ. ರೂಢಿಯಂತೆ ಮಂಚವಿದ್ದ ಕಡೆ ತಿರುಗಿದ.

"ಯಾರನ್ನ ಕೇಳ್ಲಿ, ಮಾಸ್ತರ್ರ?" ಎಂದ.

ನಾನು ಚಹಾ ತಂದುಕೊಟ್ಟೆ. ಕುಡಿದು, ವಾಯರ್ ಮುಟ್ಟದೆ ಚೀಲ ಎತ್ತಿಕೊಂಡು ಹೋದ. ಅದೇ ಬೇಸಿಗೆಯಲ್ಲಿ ಎದೆನೋವಿನಿಂದ ಅವನೂ ಹೋಗಿಬಿಟ್ಟ. ಈಚೆಗೆ ಬಣ್ಣ ಹಚ್ಚಲು ಬಂದವನು, ಕೆಲಸಕ್ಕೆ ಬಾರದ ಈ ವಾಯರ್ ಕಿತ್ತು ಒಗೆಯಲೇ ಎಂದು ನನ್ನನ್ನು ಕೇಳಿದ. ಅದರ ಸುತ್ತ ಹಚ್ಚು ಎಂದೆ.