ಸಾವಂತ್ರೆವ್ವನ ಬೋರಲು ಕೊಡ

ಸಾವಂತ್ರೆವ್ವನನ್ನು ಕುಡಿಯುವ ನೀರಿನ ಕೆರೆಯ ಕಾವಲಿಗೆ ಆರಿಸಿದ್ದೇ ಅವಳ ಜಗಳಗಂಟಿ ಸ್ವಭಾವ ನೋಡಿ. ಊರಿನಲ್ಲಿ ಅವಳ ಬಾಯಿಗೆ ಸಿಗದ ಮನೆ ಇರಲಿಲ್ಲ. ಬಾಜು ಮನೆಯ ಕೆಂಚವ್ವನ ಜೊತೆ ಒಂದು ಕೋಳಿಯ ಸಲುವಾಗಿ ಶುರುವಾದ ಜಗಳ, ಆ ಕೋಳಿ ಸತ್ತು, ಅದರ ಮರಿಗಳ ಮರಿಗಳೆಲ್ಲ ಸಾರಾಗಿ ಹೋದ ಮೇಲೂ ನಡೆದೇ ಇತ್ತು.

ಹಳೆಯ ಕಾವಲುಗಾರ ತೀರಿಕೊಂಡಾಗ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತರು. ಎಲ್ಲರಿಗಿಂತ ಹಿರಿಯನಾದ ತಿರಕಪ್ಪಜ್ಜ ಎಲೆ ಅಡಿಕೆ ಮೆಲ್ಲುತ್ತ ಹೇಳಿದ: "ಬೀಗರಿದ್ದಾಂವ ತಪ್ಪ ಮಾಡಿದ ಬೀಗರನ್ನ ಬಿಡ್ತಾನ, ಗೆಳ್ಯಾರಿದ್ದಾಂವ ಗೆಳ್ಯಾರನ್ನ ಬಿಡ್ತಾನ. ಸಾವಂತ್ರೆವ್ವಗ ಊರಾಗ ಯಾರ ಅದಾರ ಹೇಳ್ರಿ? ಆಕಿನ್ನ ಕುಂಡ್ರಸೂಣು."

ಎಲ್ಲರೂ ನಕ್ಕು ಒಪ್ಪಿದರು. ಅವಳು ದಿನವಿಡೀ ಕೆರೆಯ ದಂಡೆಯಲ್ಲಿದ್ದರೆ ಓಣಿ ತಣ್ಣಗಿರುತ್ತದೆ ಎಂಬ ಲೆಕ್ಕವೂ ಒಳಗೊಳಗೆ ಇತ್ತು. ನಮ್ಮೂರಿನವರು ಅಷ್ಟು ಮುಂದಾಲೋಚನೆ ಮಾಡಿದ್ದು ಅದೇ ಮೊದಲು. ಅಭ್ಯಾಸವಿಲ್ಲದ ಕೆಲಸವಾದ್ದರಿಂದ ಅರ್ಧಕ್ಕೇ ನಿಲ್ಲಿಸಿದ್ದರು; ಅವಳು ತಮ್ಮನ್ನೂ ಬಿಡುವುದಿಲ್ಲ ಎಂಬಲ್ಲಿಯವರೆಗೆ ಹೋಗಿರಲಿಲ್ಲ.

ಮೊರಬ ಎಂಬ ಊರಿನ ಆಚೆಗಿನ ಈ ಎರೆಭೂಮಿಯಲ್ಲಿ ಬಾವಿ ತೋಡಿದರೆ ಸಿಗುವುದು ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಚಹಾ ಒಡೆಯುತ್ತದೆ, ಕುಡಿದವನ ಮುಖ ನೋಡಿದರೆ ಯಾರೋ ಬೈದಂತಿರುತ್ತದೆ. ಮಳೆಗಾಲದಲ್ಲಿ ತುಂಬಿದ ಕೆರೆಯೇ ಮುಂದಿನ ಮಳೆಯವರೆಗೆ ಊರಿನ ಬಾಯಿ ತೋಯಿಸಬೇಕು. ಕೆರೆ ಯಾರ ಹೆಸರಿನಲ್ಲೂ ಇರಲಿಲ್ಲ. ಅದರ ಕಟ್ಟಳೆಗಳನ್ನೂ ಯಾರೂ ಬರೆದಿಟ್ಟಿರಲಿಲ್ಲ; ಸೊಸೆ ಮನೆಗೆ ಬಂದಾಗ ಕೈಗೆ ಕೊಡ ಕೊಟ್ಟು ಅತ್ತೆ ಹೇಳುತ್ತಿದ್ದಳು. ಚಪ್ಪಲಿ ಮೇಲೆಯೇ ಬಿಡಬೇಕು. ದನ ಇಳಿಸಬಾರದು, ಅರಿವೆ ಒಗೆಯಬಾರದು. ನಾಯಿಯೋ ಮತ್ತೊಂದೋ ನೀರಿಗೆ ಬಿದ್ದರೆ ಕಾವಲಿನವರು ತಮ್ಮ ಮನೆಯ ಕೊಡವನ್ನು ಮೇಲಿನ ಮೆಟ್ಟಿಲ ಮೇಲೆ ಬೋರಲು ಹಾಕುತ್ತಾರೆ. ಬಿದ್ದದ್ದನ್ನು ಅದರ ಮಾಲಕನೇ ಇಳಿದು ಎತ್ತುವವರೆಗೆ ಆ ಕೊಡವನ್ನು ದಾಟಿ ಯಾರೂ ಕೆಳಗಿಳಿಯುವಂತಿಲ್ಲ. ಈ ಕಾವಲಿಗೆ ಸುಗ್ಗಿಯಲ್ಲಿ ಪ್ರತಿ ಮನೆಯ ಕಣದಿಂದ ಒಂದು ಬುಟ್ಟಿ ಜೋಳ.

ಸಾವಂತ್ರೆವ್ವ ಕೂತಳು. ಕೂತವಳು ಎಂಥವಳೆಂದರೆ, ತನ್ನ ಅಕ್ಕನ ಮೊಮ್ಮಗಳ ಮದುವೆಯಲ್ಲಿ ಗಂಗೆ ಪೂಜೆಗೆ ಬಂದ ಮದುಮಗನ ಹೊಸ ಬೂಟನ್ನೂ ದಂಡೆಯ ಮೇಲೆ ಬಿಡಿಸಿದಳು. ಪೂಜೆ ಮುಗಿಸಿ ಬರುವಷ್ಟರಲ್ಲಿ ಒಂದು ಬೂಟನ್ನು ನಾಯಿ ಒಯ್ದಿತ್ತು. ಮದುಮಗ ಒಂದೇ ಬೂಟು ಹಿಡಿದುಕೊಂಡು ಹಂದರಕ್ಕೆ ಹೋದ. ಅಂದಿನಿಂದ ಅಕ್ಕನ ಮನೆಯವರೂ ಮಾತು ಬಿಟ್ಟರು. ಕಾವಲಿಗೆ ಅವಳ ಯೋಗ್ಯತೆ ಇನ್ನೂ ಹೆಚ್ಚಾಯಿತು.

ಎಂಬತ್ತಾರನೇ ಇಸವಿಯ ಬೇಸಿಗೆ. ಕೆರೆಗೆ ಹತ್ತಿಕೊಂಡು ಬಸವಣ್ಣೆಪ್ಪನ ಹೊಲ. ಊರಿನ ದೊಡ್ಡ ಕುಳ ಆತ. ಕಾಲುವೆಯ ನೀರು ಬಂದೇ ಬರುತ್ತದೆಂದು ಶೇಂಗಾ ಬಿತ್ತಿದ್ದ. ಕಾಲುವೆಯ ಕೊನೆಯ ಊರಿಗೆ ನೀರು ಬರುವುದಕ್ಕಿಂತ ಮೊದಲು ಮಂತ್ರಿಗಳ ಭಾಷಣ ಬರುತ್ತದೆ. ಆ ವರ್ಷ ಭಾಷಣವಷ್ಟೇ ಬಂತು. ಆತ ಹುಬ್ಬಳ್ಳಿಗೆ ಹೋಗಿ ಡೀಸೆಲ್ ಇಂಜಿನ್ ತಂದು, ಅದನ್ನು ನಡೆಸಲು ದಾವೂದಸಾಬನನ್ನು ಇಟ್ಟುಕೊಂಡು, ಒಂದು ಮುಂಜಾನೆ ಕೆರೆಗೆ ಪೈಪು ಇಳಿಸಿದ.

ಸಾವಂತ್ರೆವ್ವ ಕೋಲು ಹಿಡಿದು ಏರಿಯ ಮೇಲೆ ಓಡಿಬಂದಳು.

"ಬಸವಣ್ಣೆಪ್ಪ, ಏನೋ ಇದು?"

ಆತನಿಗೆ ಕೆಲಸವಿದ್ದಾಗ ಮಾತ್ರ ಅವಳು ಚಿಗವ್ವ, ಬಾಯಿಮಾತಿನ ಚಿಕ್ಕಮ್ಮ. "ನಾಕ ದಿನ ಅಷ್ಟ ಚಿಗವ್ವ. ಶೇಂಗಾ ಜೀವಾ ಹಿಡೀಲಿ, ತಗದ ಬಿಡ್ತೀನಿ."

"ಕುಡಿಯೂ ನೀರು ಅದು."

"ಶೇಂಗಾನೂ ಕುಡೀತಾವಲ್ಲ. ಅಲ್ಲಾ, ನಾ ಯಾವ ಕಟ್ಟಳಿ ಮುರದೇನಿ ಹೇಳು. ದನಾ ಇಳಸೇನೇನು? ಅರಿವಿ ಒಗದೇನೇನು? ಚಪ್ಪಲಿ ಬಿಡು ಅನ್ನಾಕ ಇಂಜಿನ್ನಿಗೆ ಕಾಲರೆ ಎಲ್ಲಿ ಅದಾವ?"

ಅವಳು ಕಟ್ಟಳೆಗಳನ್ನು ಒಂದೊಂದಾಗಿ ಬೆರಳು ಮಡಚಿ ಎಣಿಸಿದಳು; ಇಂಜಿನ್ನಿನ ಹೆಸರು ಯಾವುದರಲ್ಲೂ ಇರಲಿಲ್ಲ. ಇಂಜಿನ್ ಡಬಡಬ ಎಂದು ಹೊಗೆ ಬಿಟ್ಟಿತು, ಆಚೆ ಹೊಲದಲ್ಲಿ ಪೈಪಿನ ಬಾಯಿಂದ ನೀರು ಧುಮುಕಿತು.

ಸುದ್ದಿ ಕೇಳಿ ಊರ ಗಂಡಸರೆಲ್ಲ ಸಿಟ್ಟಿನಿಂದಲೇ ಬಂದರು. ಸಾವಂತ್ರೆವ್ವನಿಗೆ ಎದೆ ತುಂಬಿತು. ಆದರೆ ಬಂದವರು ಇಂಜಿನ್ನಿನ ಸುತ್ತ ಕುಕ್ಕರಗಾಲಲ್ಲಿ ಕೂತು, ಅದರ ಬೆನ್ನು ಸವರಿ, "ದಾವೂದ, ಇದಕ್ಕ ತಾಸಿಗೆ ಎಣ್ಣಿ ಎಷ್ಟ ಬೇಕಾಕ್ಕೈತ್ಲೇ?" ಎಂದು ಕೇಳತೊಡಗಿದರು. ಮಾಳಪ್ಪನೆಂಬ ರೈತನಂತೂ ಏರಿಯ ಮೇಲೆ ಹೆಜ್ಜೆ ಹಾಕುತ್ತ ತನ್ನ ಹೊಲಕ್ಕೆ ಎಷ್ಟು ಪೈಪು ಬೇಕೆಂದು ಅಳೆಯುತ್ತಿದ್ದ.

"ಮಾಳಪ್ಪ, ನೀನೂನ ಏನೋ?"

"ಮತ್ತೇನ್ ಮಾಡ್ಲಿ ಯವ್ವಾ? ನಾ ಬಿಟ್ರ ಅಂವ ಎಳಕೊಂತಾನ. ಖಾಲಿಯಂತೂ ಆಗೂದೈತಿ, ನನ್ನ ಪಾಲ ನಾ ಯಾಕ ಬಿಡ್ಲಿ?"

ಮಾಳಪ್ಪ ಕೆಟ್ಟವನಲ್ಲ, ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಕೆಟ್ಟವನೊಬ್ಬನಾದರೆ ಬೈದು ಓಡಿಸಬಹುದು. ಇಡೀ ಊರು ಒಬ್ಬರನ್ನೊಬ್ಬರು ನೋಡಿ ಪೈಪು ಇಳಿಸಿದರೆ ಯಾರನ್ನು ಬೈಯುವುದು? ಸಂಜೆ ಇಂಜಿನ್ ನಿಂತ ಮೇಲೆ ಹೋಗಿ ನೋಡಿದಳು. ಬೆಳಿಗ್ಗೆ ನೀರಿನೊಳಗಿದ್ದ ಮೆಟ್ಟಿಲು ಹಸಿ ಪಾಚಿ ಹೊತ್ತು ಹೊರಗೆ ಕೂತಿತ್ತು. ಮಳೆ ಇನ್ನೂ ದೂರ ಇತ್ತು.

ಮರುದಿನ ಹೊತ್ತು ಹುಟ್ಟುವಾಗ ಕೊಡ ಹೊತ್ತು ಮೊದಲು ಬಂದವಳು ಕೆಂಚವ್ವ. ಮೇಲಿನ ಮೆಟ್ಟಿಲ ಮೇಲೆ ಸಾವಂತ್ರೆವ್ವನ ತಾಮ್ರದ ಕೊಡ ಬೋರಲು ಬಿದ್ದಿತ್ತು. ಅದರ ಪಕ್ಕ ಅವಳು ಕೋಲು ಊರಿ ಕೂತಿದ್ದಳು. ಕೆಂಚವ್ವ ಕೋಳಿಯ ಜಗಳದ ನಂತರ ಅವಳನ್ನು ನೇರವಾಗಿ ಮಾತಾಡಿಸುತ್ತಿರಲಿಲ್ಲ. ಆಕಾಶ ನೋಡಿ ಕೇಳಿದಳು.

"ಕೊಡಾ ಡಬ್ಬ ಬಿದ್ದೈತಿ. ನಾಯಿಗೀಯಿ ಬಿತ್ತೇನ?"

"ನಾಯಿ ಅಲ್ಲ. ಪೈಪ ಬಿದ್ದೈತಿ."

"ಪೈಪ ಬೀಳತೈತೇನ? ಅದನ್ನ ಇಳಸ್ಯಾರ."

"ನಾಯಿಗೆ ಬೀಳೂ ಮನಸ ಇರ್ತೈತೇನ? ನೀರಾಗ ಇರಬಾರದ್ದು ನೀರಾಗೈತಿ. ಅದರ ಮಾಲಕ ಬಂದು ಎತ್ತೂತನಾ ಕೆರಿ ಬಂದ್."

"ನಮ್ಮ ಮನ್ಯಾಗ ಹನಿ ನೀರಿಲ್ಲ, ಚಹಾಕ್ಕ ಕುಂತಾರ."

"ನನ್ನ ಮನ್ಯಾಗ ತುಂಬೈತೇನ? ಡಬ್ಬ ಬಿದ್ದದ್ದು ನನ್ನ ಕೊಡಾನ."

ಕೆಂಚವ್ವ ಬೈದಳು. ಹಿಂದೆ ಬಂದ ಹೆಂಗಸರೂ ಬೈದರು. ಸಾವಂತ್ರೆವ್ವ ಅಂದು ತಿಂದಷ್ಟು ಬೈಗುಳ ಅಷ್ಟು ವರ್ಷ ತಾನು ಹಂಚಿದ್ದರ ಬಡ್ಡಿಯಂತಿತ್ತು. ಆದರೆ ಒಬ್ಬಳೂ ಆ ಕೊಡವನ್ನು ದಾಟಲಿಲ್ಲ. ಬೈದರೂ ಕಟ್ಟಳೆ ಕಟ್ಟಳೆಯೇ. ಅವಳು ಕೂತೇ ಇದ್ದಳು.

ಖಾಲಿ ಕೊಡಗಳು ಓಣಿಗೆ ಮರಳಿದವು. ಹೊತ್ತೇರುವಷ್ಟರಲ್ಲಿ ಚಹಾ ಸಿಗದ ಗಂಡಸರು ಒಬ್ಬೊಬ್ಬರೇ ಏರಿಗೆ ಬಂದರು. ನಮ್ಮ ಕಡೆಯ ಗಂಡಸಿಗೆ ಮುಂದಿನ ತಿಂಗಳ ಬರ ಕಾಣದಿದ್ದರೂ ಈ ಮುಂಜಾನೆಯ ಚಹಾ ಇಲ್ಲದ್ದು ಚೆನ್ನಾಗಿ ಕಾಣುತ್ತದೆ.

"ಈ ಮುದುಕಿನ್ನ ತಗದ ಬಿಡ್ರಿ ಅಜ್ಜಾರ," ಎಂದ ಮಾಳಪ್ಪ.

ತಿರಕಪ್ಪಜ್ಜ ನೆರಳಿನಲ್ಲಿ ಕೂತು, "ತಗಿಯೂಣು. ನೀ ಕುಂಡ್ರತೀಯೇನು? ಬಸವಣ್ಣೆಪ್ಪ ನಿನಗ ಏನಾಗಬೇಕು?" ಎಂದ.

"ಬೀಗರು."

"ಹಂಗಾರ ಸುಮ್ನ ನಿಲ್ಲು. ನೀರಾಗ ಬಿದ್ದದ್ದು ಹೊಲಸೋ ಅಲ್ಲೋ ಅಂತ ಹೇಳಾಂವ ಕಾವಲಿನಾಂವ. ನೀನೂ ಅಲ್ಲ, ನಾನೂ ಅಲ್ಲ."

ಅಷ್ಟರಲ್ಲಿ ಬಸವಣ್ಣೆಪ್ಪ ಬಂದ. ಕೊಡ ನೋಡಿ ನಕ್ಕ.

"ಡಬ್ಬ ಹಾಕ್ಕೊ, ನನಗೇನು? ನನ್ನ ನೀರು ಮೆಟ್ಟಲಾ ಹತ್ತಿ ಬರೂದಿಲ್ಲ. ದಾವೂದ, ಚಾಲೂ ಮಾಡು."

ದಾವೂದಸಾಬ ತಲೆ ಕೆರೆದುಕೊಂಡ. "ಸಾವ್ಕಾರ್ರ, ರಾತ್ರಿ ನಿಂತ ಪಂಪಿನ್ಯಾಗಿನ ನೀರು ಇಳದ ಹೋಗೈತ್ರಿ. ಮದಲ ಅದರ ಹೊಟ್ಟಿಗೆ ಒಂದ ಕೊಡಾ ನೀರ ಹಾಕಬೇಕ್ರಿ. ಅಂದ್ರ ಅದು ಎಳೀತೈತಿ."

"ತುಂಬ್ಕೊಂಡ ಬಾ."

"ಕೊಡಾ ಡಬ್ಬ ಐತ್ರಿ. ನನ್ನ ಮನೀ ನೀರೂ ಇದರಾಗಿಂದಾರಿ. ನಾ ದಾಟೂದಿಲ್ಲ."

"ಬಾವ್ಯಾಗಿಂದ ತಾ ಹಂಗಾರ."

ದಾವೂದಸಾಬ ಮುಖ ಗಂಭೀರ ಮಾಡಿದ. "ಸವಳ ನೀರ ಹಾಕಿದ್ರ ಒಳಗಿಂದೆಲ್ಲಾ ಒಂದ ತಾಸಿನ್ಯಾಗ ತುಕ್ಕ ಹಿಡೀತೈತ್ರಿ. ಅಗದಿ ಸೂಕ್ಷ್ಮ ಮಶಿನ್ ಇದು."

ಅದು ಶುದ್ಧ ಸುಳ್ಳೆಂದು ಅಲ್ಲಿದ್ದ ಅರ್ಧ ಜನಕ್ಕೆ ಗೊತ್ತಿತ್ತು. ಇಂಜಿನ್ನಿನ ಬಗ್ಗೆ ಬಸವಣ್ಣೆಪ್ಪನಿಗೆ ಗೊತ್ತಿದ್ದದ್ದು ಅದರ ಬೆಲೆ ಮಾತ್ರ. ಊರೆದುರು ತಾನೇ ಕೊಡ ಹೊರುವುದು ದೊಡ್ಡ ಕುಳಕ್ಕೆ ಹೇಳಿದ್ದಲ್ಲ. ಇಡೀ ಕೆರೆಯನ್ನು ಕುಡಿಯಬಲ್ಲ ಯಂತ್ರ ಒಂದು ಕೊಡ ನೀರಿಗಾಗಿ ಬಾಯಿ ತೆರೆದು ನಿಂತಿತ್ತು.

ಆಗ ಆತನ ಹೆಂಡತಿ ಮಲ್ಲಕ್ಕ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಬರುವುದು ಕಂಡಿತು. ಬಸವಣ್ಣೆಪ್ಪನಿಗೆ ಜೀವ ಬಂತು. "ಏ, ಒಂದ ಕೊಡಾ ತುಂಬ್ಕೊಂಡ ಬಾ ಇಲ್ಲೆ."

ಸಾವಂತ್ರೆವ್ವ ಕೋಲು ಹಿಡಿದು ಎದ್ದಳು. ಇವಳೊಬ್ಬಳು ದಾಟಿದರೆ ಮುಗಿಯಿತು. ಆಮೇಲೆ ಕೊಡವೂ ಇಲ್ಲ, ಕಟ್ಟಳೆಯೂ ಇಲ್ಲ. ಮಲ್ಲಕ್ಕ ಮೆಟ್ಟಿಲ ಹತ್ತಿರ ಬಂದು ಚಪ್ಪಲಿ ಬಿಟ್ಟಳು. ಗಂಡನನ್ನೂ ಪೈಪನ್ನೂ ನೋಡಿದಳು. ಆಮೇಲೆ ತನ್ನ ಕೊಡವನ್ನು ಸಾವಂತ್ರೆವ್ವನ ಕೊಡದ ಪಕ್ಕ ಬೋರಲು ಹಾಕಿ ಕೂತಳು.

"ಮುಂಜಾನಿಂದ ನಿಮ್ಮವ್ವಗ ಗುಳಗಿ ನುಂಗಾಕ ನೀರಿಲ್ಲ," ಎಂದಳು ಗಂಡನಿಗೆ. "ಶೇಂಗಾಕ್ಕ ಕುಡಸ್ರಿ."

ಕೆಂಚವ್ವ ಎಲ್ಲಿದ್ದಳೋ, ಬಂದು ತನ್ನ ಕೊಡವನ್ನೂ ಅಲ್ಲೇ ಡಬ್ಬ ಹಾಕಿದಳು. ಆಕಾಶ ನೋಡಿಯೇ ಹಾಕಿದಳು. ಮತ್ತೆ ಹಿತ್ತಾಳೆಯವು, ತಾಮ್ರದವು, ಮಣ್ಣಿನವು. ಮೆಟ್ಟಿಲ ತುಂಬ ಕೊಡಗಳ ಬೆನ್ನು.

"ಮುಂದಿನ ಸುಗ್ಗಿಗೆ ಒಂದ ಕಾಳ ಜೋಳಾ ಕೊಡೂದಿಲ್ಲ ನಿನಗ, ಸಾವಂತ್ರೆವ್ವ," ಎಂದ ಬಸವಣ್ಣೆಪ್ಪ. ಬಾಯಿಂದ ಚಿಗವ್ವ ಹೋಗಿತ್ತು.

"ಸುಗ್ಗೀದು ಸುಗ್ಗ್ಯಾಗ ನೋಡೂಣು. ಈಗ ಚಪ್ಪಲಿ ಬಿಟ್ಟು ಇಳಿ."

ಬಸವಣ್ಣೆಪ್ಪ ಚಪ್ಪಲಿ ಬಿಟ್ಟು, ಧೋತರ ಎತ್ತಿ ಕಟ್ಟಿ ಕೆರೆಗಿಳಿದ. ಮಾಲಕನ ಕೈ ಹತ್ತಿದ ಮೇಲೆ ಉಳಿದವರಿಗೆ ಮೇಲಿಂದ ಎಳೆಯಲು ಅಡ್ಡಿಯಿಲ್ಲ. ಪೈಪಿಗೆ ಎಲ್ಲರಿಗಿಂತ ಮೊದಲು ಕೈ ಹಾಕಿದವನು ಮಾಳಪ್ಪ. "ಕುಡಿಯೂ ನೀರಿಗೆ ಪೈಪ ಅಂದ್ರ ಏನ ಹುಡುಗಾಟ?" ಎಂದು ಜೋರಾಗಿ ಹೇಳುತ್ತಲೇ ಎಳೆದ.

ಆ ವರ್ಷದ ಶೇಂಗಾ ಒಣಗಿತು. ಕೆರೆಯ ನೀರು ಮಳೆಯವರೆಗೆ ಮುಟ್ಟಿತು. ತಳ ಕಂಡಿತ್ತು, ಆದರೆ ಮುಟ್ಟಿತು.

ಸುಗ್ಗಿ ಬಂದಾಗ ಸಾವಂತ್ರೆವ್ವ ಎಲ್ಲರ ಕಣ ಮುಗಿಸಿ ಕೊನೆಗೆ ಬಸವಣ್ಣೆಪ್ಪನ ಕಣಕ್ಕೆ ಹೋಗಿ ಬುಟ್ಟಿ ಇಟ್ಟು ನಿಂತಳು. ಆತ ರಾಶಿಯ ಹಿಂದಿನಿಂದ ಅವಳ ಮುಖ ನೋಡದೆ ಕೇಳಿದ.

"ಯಾವ ಮಾರಿ ತಗೊಂಡ ಬಂದಿ?"

"ಇದ್ದದ್ದ ಒಂದ ಮಾರಿ, ಅದನ್ನ ತಗೊಂಡ ಬಂದೀನಿ. ವರ್ಷೆಲ್ಲಾ ನಿನ್ನ ಮನೀ ನೀರನೂ ಕಾದೀನಿ. ನಿನ್ನ ಕೈಯಿಂದನ ಕಾದೀನಿ, ಅದು ಬ್ಯಾರೆ ಮಾತು. ಹಾಕು."

ಕಣದ ಆಳುಗಳು ಮುಖ ತಿರುಗಿಸಿ ನಕ್ಕರು. ಬಸವಣ್ಣೆಪ್ಪ ಎದ್ದು, ಮೊರದಿಂದ ಜೋಳ ತುಂಬಿ ಬುಟ್ಟಿಗೆ ಸುರಿದು ಕೈ ಝಾಡಿಸಿದ.

ಜೋಳ ಅಂಚಿಗೆ ಸಮವಾಗಿತ್ತು; ಸಾವಂತ್ರೆವ್ವ ಬುಟ್ಟಿ ನೋಡಿದಳು, ಎತ್ತಲಿಲ್ಲ.

"ಕೆಂಚವ್ವನ ಕಣದಾಗ ಬುಟ್ಟಿಗೆ ತಲಿ ಬರೂಹಂಗ ಹಾಕ್ಯಾರ," ಎಂದಳು. "ಇನ್ನೊಂದ ಮೊರಾ ಹಾಕು."