ಹಸಿರು ಪರದೆಯನ್ನು ನಂಬದವರು

ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಅವರ ಕೈ ತಣ್ಣಗಿರುತ್ತಿತ್ತು. ಮಡಿಕೇರಿಯ ನಮ್ಮ ಕಚೇರಿಯ ಸರ್ವರ್ ಕೋಣೆಯ ಚಳಿ ಆ ಬೆರಳುಗಳಲ್ಲೇ ವಾಸವಾಗಿತ್ತು. ಮೊಣಕೈಗೆ ಹಸಿರು ಉಣ್ಣೆಯ ತೇಪೆ ಹಾಕಿದ್ದ ಕಂದು ಸ್ವೆಟರ್ ತೊಟ್ಟು, ಯಂತ್ರದ ಬೆನ್ನ ಮೇಲೆ ಅಂಗೈಯಿಟ್ಟು, ಮಗುವಿನ ಜ್ವರ ನೋಡುವವರಂತೆ ಅರೆಕ್ಷಣ ನಿಲ್ಲುತ್ತಿದ್ದರು. ಎಲ್ಲರಿಗೂ ಅವರು ‘ಸರ್ವರ್ ಮೇಡಂ’. ನನಗೆ ಕೆಲಸ ಕಲಿಸಿದವರು, ಭಯಪಡುವುದನ್ನೂ ಕಲಿಸಿದವರು.

ಕಾವೇರಿಯ ನೀರಿನ ಮಟ್ಟ, ಗುಡ್ಡಗಳ ತೇವ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಘಟಕಗಳಿಂದ ತೋಡಿಗೆ ಹರಿಯುವ ಕೊಳೆನೀರು, ಇವನ್ನೆಲ್ಲ ಕಾಯುವ ತಂತ್ರಾಂಶಗಳನ್ನು ನಾವು ಒಂದೇ ಉಕ್ಕಿನ ಪೆಟ್ಟಿಗೆಯಲ್ಲಿ ನಡೆಸುತ್ತಿದ್ದೆವು. ಒಂದು ಯಂತ್ರವನ್ನು ಹಲವು ವರ್ಚುವಲ್ ಸರ್ವರ್‌ಗಳಾಗಿ ವಿಭಜಿಸಿದರೆ ಪ್ರತಿಯೊಂದೂ ತಾನೇ ಸ್ವತಂತ್ರ ಯಂತ್ರವೆಂಬಂತೆ ವರ್ತಿಸುತ್ತದೆ. ವಿದ್ಯೆಯಾಗಿ ಅದು ಸೊಗಸು. ಆದರೆ ಆಪತ್ತಿಗೆಂದು ಇಟ್ಟ ಬದಲಿ ಸರ್ವರ್ ಕೂಡ ಅದೇ ಪೆಟ್ಟಿಗೆಯಲ್ಲಿತ್ತು.

“ಕೋಣೆ ಎಷ್ಟಿದ್ರೇನು, ಮೇಲಿರೋ ಮಾಡು ಒಂದೇ ಅಲ್ವಾ? ಬಿದ್ರೆ ಎಲ್ಲರ ತಲೆ ಮೇಲೂ ಬೀಳ್ತದೆ” ಎನ್ನುತ್ತಿದ್ದ ಮೇಡಂ, ಮೂರ್ನಾಡಿನಲ್ಲಿ ಇನ್ನೊಂದು ಪೆಟ್ಟಿಗೆ ಇಡಿಸಿ ಎಂದು ಪ್ರತಿ ಮಳೆಗಾಲಕ್ಕೂ ಮುನ್ನ ಮೇಲಧಿಕಾರಿಯ ಬೆನ್ನು ಬೀಳುತ್ತಿದ್ದರು.

“ಒಂದ್ರಲ್ಲೇ ಇಷ್ಟೊಂದು ಸರ್ವರ್ ಉಂಟಲ್ಲ ಮಾರಾಯ್ರೇ!” ಎಂದು ಅಧಿಕಾರಿ ನಗುತ್ತಿದ್ದರು.

ಮೇಡಂಗೆ ಒಂದು ರೂಢಿಯಿತ್ತು. ಪರದೆ ಏನೇ ಹೇಳಲಿ, ಮಳೆ ಜೋರಾದರೆ ನೆಲ್ಯಹುದಿಕೇರಿಯ ಹೊಳೆದಂಡೆಯಲ್ಲಿ ಚಹಾ ಅಂಗಡಿ ನಡೆಸುವ ಹೆಂಗಸಿಗೆ ಫೋನ್ ಮಾಡಿ, ನೀರು ಎಲ್ಲಿಗೆ ಬಂದಿದೆ ಎಂದು ಕೇಳುತ್ತಿದ್ದರು. “ಮೇಡಂ, ನಮಗೂ ಒಂದು ಟೀ ಹೇಳಿ” ಎಂದು ಕಚೇರಿಯವರು ಕಿಚಾಯಿಸುತ್ತಿದ್ದರು.

ಅದೊಂದು ಆಗಸ್ಟ್ ಮಧ್ಯಾಹ್ನ, ವಿದ್ಯುತ್ತಿನ ಏರಿಳಿತಕ್ಕೆ ಪೆಟ್ಟಿಗೆ ಸತ್ತಿತು. ಒಳಗಿದ್ದ ಸರ್ವರ್‌ಗಳೆಲ್ಲ ಒಟ್ಟಿಗೇ ಸತ್ತವು. ಯಂತ್ರ ಮತ್ತೆ ಉಸಿರಾಡಿದಾಗ ಅಧಿಕಾರಿ ಅವಸರಪಡಿಸಿದರು: “ಹಳೇ ಸ್ನ್ಯಾಪ್‌ಶಾಟಿಂದ ಎಬ್ಬಿಸಿ. ಮೇಲಿನವ್ರು ಕೇಳ್ತಿದ್ದಾರೆ, ಬೇಗ ಹಸಿರು ತೋರ್ಸಿ.” ಸ್ನ್ಯಾಪ್‌ಶಾಟ್ ಎಂದರೆ ಸರ್ವರ್ ಒಂದು ಕ್ಷಣದಲ್ಲಿ ಹೇಗಿತ್ತೋ ಹಾಗೆಯೇ ತೆಗೆದಿಟ್ಟ ಪ್ರತಿ. ನದಿಯ ಸರ್ವರ್ ಬೆಳಗಿನ ಪ್ರತಿಯಿಂದ ಎದ್ದಿತು. ಬೆಳಗಿನ ನೀರಿನ ಮಟ್ಟವನ್ನೇ ಈಗಿನದೆಂದು ತೋರಿಸಿತು. ಅಪಾಯವಿಲ್ಲವೆಂಬಂತೆ ಪರದೆ ಹಸಿರಾಯಿತು. ಯಾರೋ ಚಪ್ಪಾಳೆ ತಟ್ಟಿದರು.

ಮೇಡಂ ಕಿಟಕಿಯಾಚೆಯ ಮಳೆಯನ್ನು ನೋಡಿದರು, ಪರದೆಯ ಮೇಲೆ ಅಲುಗದೆ ನಿಂತ ಅಂಕಿಯನ್ನು ನೋಡಿದರು. ಫೋನ್ ಎತ್ತಿಕೊಂಡರು. ಅಂಗಡಿಯಾಕೆಯ ಕೂಗು ನನಗೂ ಕೇಳಿಸಿತು: “ನಿಮ್ಮ ಪೆಟ್ಟಿಗೆಗೆ ಕಣ್ಣುಂಟಾ ಮೇಡಂ? ಮೆಟ್ಟಿಲೆಲ್ಲ ಹೋಯ್ತು, ನೀರು ನನ್ನ ಬಾಗಿಲಿಗೆ ಬಂದಾಯ್ತು!”

“ಒಲೆ ಬಿಟ್ಟು ಓಡು. ದಂಡೆಯವ್ರನ್ನೆಲ್ಲ ಹೊರಡ್ಸಿ ಗುಡ್ಡದ ಶಾಲೆಗೆ ಹತ್ತಿಸು.”

“ಜನರನ್ನ ಸುಮ್ನೆ ಹೆದರಿಸ್ಬೇಡಿ,” ಅಧಿಕಾರಿ ಗದರಿದರು. “ಹಸಿರು ಉಂಟಲ್ಲ!”

“ಹೆದರ್ಲಿ ಸರ್. ಹೆದರಿದ್ರೆ ಬದುಕ್ತಾರೆ.”

ದಂಡೆಯ ಜನ ಉಳಿದರು. ಅಂಗಡಿ ಹೊಳೆಯ ಪಾಲಾಯಿತು. ವಿಚಾರಣೆ ‘ತಾಂತ್ರಿಕ ದೋಷ’ ಎಂಬಲ್ಲಿಗೆ ಮುಗಿಯಿತು. ಹಸಿರು ತೋರಿಸೆಂದು ಯಂತ್ರಕ್ಕೆ ಆಜ್ಞೆಯಿತ್ತವರು ಯಾರು? ಎರಡನೆಯ ಪೆಟ್ಟಿಗೆಯನ್ನು ವರ್ಷವರ್ಷವೂ ನಿರಾಕರಿಸಿದವರು ಯಾರು? ಇಂದಿಗೂ ಯಾರೂ ಉತ್ತರಿಸಿಲ್ಲ. ಉತ್ತರಿಸುವವರೆಗೆ ನಾನು ಕೇಳುವುದನ್ನು ಬಿಡುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಮೇಡಂ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡರು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಕೇಳಿದ್ದರು: “ಮೂರ್ನಾಡಿಗೆ ಪೆಟ್ಟಿಗೆ ಬಂತಾ?”

ಬಂದಿಲ್ಲ. ದಂಡೆಯ ಮೇಲೆ ಚಹಾ ಅಂಗಡಿ ಮಾತ್ರ ಮತ್ತೆ ಎದ್ದಿದೆ. ಮೇಡಂ ಕುರ್ಚಿಯಲ್ಲಿ ಈಗ ನಾನಿದ್ದೇನೆ. ಹೊರಗೆ ಮಳೆ ಬಲಿಯುತ್ತಿದೆ, ಪರದೆ ಹಸಿರಾಗಿದೆ. ನಾನು ಮಾಡಿದ ಫೋನ್ ನೆಲ್ಯಹುದಿಕೇರಿಯಲ್ಲಿ ರಿಂಗಾಗುತ್ತಿದೆ. ಇನ್ನೂ ಯಾರೂ ಎತ್ತಿಲ್ಲ.