ಅರ್ಧ ಪಾಠ ಮತ್ತು ಬಳೆಗಾರ್ತಿ ಮುಮ್ತಾಜ

ಕೈ ಹಿಡಿದರೆ ಸಾಕು, ಬಳೆಯ ಅಳತೆ ಹೇಳುತ್ತಾಳೆ ಮುಮ್ತಾಜ. ಹೆಬ್ಬೆರಳಿನ ಬುಡವನ್ನು ಒಮ್ಮೆ ಮೆತ್ತಗೆ ಒತ್ತಿ ‘ಎರಡು ಆರು’ ಅಂದಳೆಂದರೆ ಅದು ಎರಡು ಆರೇ. ಸಿಂದಗಿ ಕಡೆಯಿಂದ ಮದುವೆಯಾಗಿ ದೂರದ ಕಾರ್ಖಾನೆ ಊರು ಕುಂಕಳ್ಳಿಗೆ ಬಂದ ವಾರಕ್ಕೇ ಅತ್ತೆ ಅವಳ ಹೆಗಲಿಗೆ ಬಳೆ ಪೋಣಿಸಿದ ಮಲಾರ ಏರಿಸಿದ್ದಳು. ಇಪ್ಪತ್ತು ವರ್ಷವಾಯಿತು, ಇನ್ನೂ ಇಳಿದಿಲ್ಲ. ಗಂಡ ಉಸ್ಮಾನ ಟೆಂಪೊ ಹತ್ತಿ ಹೊರಟರೆ ಇವಳು ಕಾರ್ಖಾನೆಗಳ ಹಿಂದಿನ ಮೂರು ಸಾಲು ಮನೆಗಳನ್ನು ಹತ್ತಿ ಇಳಿಯುತ್ತಾಳೆ. ಸಾಲಿನ ತುಂಬ ದುಡಿಯಲು ಬಂದ ವಿಜಯಪುರ, ಧಾರವಾಡ ಕಡೆಯ ಹೆಂಗಸರು. ಪಂಚಮಿ ಬಂದರೆ ಹಸಿರು ಬಳೆ ಮುಸಲ್ಮಾನರ ಮನೆಯ ಈ ಹೆಣ್ಣುಮಗಳ ಕೈಯಿಂದಲೇ ಅವರ ಕೈಗೆ ಏರಬೇಕು. ಇಲ್ಲದಿದ್ದರೆ ಅವರಿಗೆ ಹಬ್ಬವೇ ಅಲ್ಲ.

ಆ ವರ್ಷ ಪಂಚಮಿಗೆ ಇನ್ನೂ ಎಂಟು ದಿನ ಇರುವಾಗ ಅವಳ ಮಗಳು ಫರ್ಹೀನ ಶಾಲೆಯಿಂದ ಓಡೋಡಿ ಬಂದಳು. ಎಂಟನೇ ತರಗತಿಗೆ ಹೊಸದೊಂದು ಪಾಠ ಶುರುವಾಗಿತ್ತು. ವಿಜ್ಞಾನದ ಟೀಚರ್ ಪ್ರತಿಮಾ, ಧಾರವಾಡದ ಜವಳಿ ವ್ಯಾಪಾರಿಗಳ ಮನೆಯವಳು, ಪ್ರತಿ ಶುಕ್ರವಾರ ಕೊನೆಯ ಪೀರಿಯಡ್ಡಿನಲ್ಲಿ ಬೆಳೆಯುವ ಮೈ, ಗೆಳೆತನ, ಪ್ರೀತಿ, ಎಚ್‌ಐವಿ, ಎಲ್ಲವನ್ನೂ ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದಳು. ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಹುಡುಗಿಯಲ್ಲ ಫರ್ಹೀನ. ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ಹೆಂಗಸರಿಗೆ ಅಲ್ಲೇ ಪಾಠ ಒಪ್ಪಿಸಿದಳು. ಎಚ್‌ಐವಿ ಹರಡುವುದು ರಕ್ಷಣೆ ಇಲ್ಲದ ಸಂಬಂಧದಿಂದ, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚುವುದರಿಂದ, ತಾಯಿಯಿಂದ ಮಗುವಿಗೆ, ರಕ್ತದಿಂದ.

“ರಕ್ತದಿಂದ ಅಂದ್ರ ಹೆಂಗವಾ?” ಅಂದಳು ನಲ್ಲಿಯ ಕೆಳಗೆ ಕೊಡ ಇಟ್ಟಿದ್ದ ಗಿರಿಜವ್ವ.

“ಸೋಂಕಿದ್ದವರ ರಕ್ತ ನಮ್ಮ ರಕ್ತಕ್ಕ ಕೂಡಿದ್ರರಿ ಮೌಶಿ. ಈಗ ನೋಡ್ರಿ, ನಮ್ಮ ಅಮ್ಮಿ ಬಳಿ ಇಡೂ ಮುಂದ ಒಡದು, ಕೈ ಕೊರದು ರಕ್ತ ಬರ್ತದಲ್ಲ…”

ಮುಂದೇನು ಹೇಳಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಪಾಠ ಅಲ್ಲಿಗೇ ನಿಂತಿತ್ತು. ಆದರೆ ಗಿರಿಜವ್ವನ ಕೊಡ ತುಂಬಿತ್ತು, ಕಿವಿಯೂ ತುಂಬಿತ್ತು. ಗಿರಿಜವ್ವನ ಗಂಟಲೆಂದರೆ ಸಣ್ಣದಲ್ಲ. ಮೊದಲ ಸಾಲಿನಲ್ಲಿ ಅವಳು ಕೆಮ್ಮಿದರೆ ಮೂರನೇ ಸಾಲಿನವರು ಕಷಾಯಕ್ಕೆ ನೀರಿಡುತ್ತಾರೆ.

ಮರುದಿನ ಶನಿವಾರ. ಹೊಸ ಹಸಿರು ಬಳೆಗಳನ್ನು ಕಿಣಿಕಿಣಿ ಅನ್ನಿಸುತ್ತ ಮುಮ್ತಾಜ ಮೊದಲ ಬಾಗಿಲಲ್ಲಿ ಕೂತಳೋ ಇಲ್ಲವೋ, ಗಿರಿಜವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಈ ಸಲ ಬ್ಯಾಡವಾ. ಬಜಾರದಾಗ ಪ್ಲಾಸ್ಟಿಕ್ ಬಳಿ ತರ್ತೇನಿ.”

“ಯಾಕವಾ? ನನ್ನ ಕೈಗೇನಾಗೇತಿ?”

“ನಿನ್ನ ಮಗಳನ್ನ ಕೇಳು. ಎಷ್ಟ್ ಮಂದಿ ಕೈ ಹಿಡದ ಕೈ ಇದು! ಯಾರ ರಕ್ತ ಎಲ್ಲಿ ಹತ್ತೇತೋ ಯಾರಿಗೆ ಗೊತ್ತು?”

ಎರಡನೇ ಬಾಗಿಲು, ಮೂರನೇ ಬಾಗಿಲು, ಎಲ್ಲ ಕಡೆ ಅದೇ. ಮಧ್ಯಾಹ್ನದ ಹೊತ್ತಿಗೆ ಮೂರೂ ಸಾಲಿನಲ್ಲಿ ಒಂದು ಕೈಯೂ ಮುಂದೆ ಬರಲಿಲ್ಲ. ಇಪ್ಪತ್ತು ವರ್ಷ ನಂಬಿ ಚಾಚಿದ ಕೈಗಳು! ಮುಮ್ತಾಜ ಮನೆಗೆ ಬಂದು ಮಲಾರ ಗೋಡೆಗೆ ತೂಗುಹಾಕಿದಳು. ಫರ್ಹೀನ ಬಿಕ್ಕಿಬಿಕ್ಕಿ ಅತ್ತಳು.

“ಆ ಕ್ಲಾಸಿಗೆ ಇಕಿನ್ನ ಕಳಿಸಬ್ಯಾಡ,” ಅಂದ ಉಸ್ಮಾನ.

“ಇಕಿನ್ನ ಕಳಿಸೂದಲ್ಲ,” ಅಂದಳು ಮುಮ್ತಾಜ, “ನಾನ ಹೋಗ್ತೇನಿ!”

ಹೋದಳು. ಸೋಮವಾರ ಮಲಾರ ಹೆಗಲಿಗೇರಿಸಿ, ಮಳೆಯಲ್ಲಿ ನೆನೆದ ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಎಂಟನೇ ತರಗತಿಯೊಳಗೆ ನೇರ ನಡೆದಳು. ಪ್ರತಿಮಾ ಹಲಗೆಯ ಮೇಲೆ ಹೂವಿನ ಚಿತ್ರ ಬರೆಯುತ್ತಿದ್ದಳು.

“ಟೀಚರ, ನಿಮ್ಮ ಪಾಠ ನನ್ನ ಹೊಟ್ಟಿ ಮ್ಯಾಲ ಬಿತ್ತರಿ,” ಎಂದು ಮುಮ್ತಾಜ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. “ಖರೇ ಹೇಳ್ರಿ. ನನ್ನ ಬಳಿಯಿಂದ ಆ ಎಚ್‌ಐವಿ ಬರ್ತದೇನು?”

“ಇಲ್ಲರೀ. ಬರೂದಿಲ್ಲ.”

“ಹಂಗಾರ ಅದನ್ಯಾಕ ಮಕ್ಕಳಿಗೆ ಹೇಳ್ಲಿಲ್ಲ?”

ಪ್ರತಿಮಾಳ ಮುಖ ಕೆಂಪಾಯಿತು. “ಹೆಂಗ ಹರಡ್ತದ ಅನ್ನೂದು ಹೋದ ಶುಕ್ರವಾರ, ಹೆಂಗ ಹರಡೂದಿಲ್ಲ ಅನ್ನೂದು ಈ ಶುಕ್ರವಾರ ಅಂತ ಇಟ್ಟಿದ್ದೆ. ಒಂದ ಪೀರಿಯಡ್ಡಿನಾಗ ಎರಡೂ ಹಿಡಿಸ್ತಿರಲಿಲ್ಲ.”

ಮುಮ್ತಾಜ ಹಣೆ ಹಣೆ ಬಡಿದುಕೊಂಡಳು. “ಯವ್ವಾ! ಒಂದ್ ಕೈಗೆ ಬಳಿ ಇಟ್ಟು, ಇನ್ನೊಂದ್ ಕೈಗೆ ಮುಂದಿನ ವಾರ ಬರ್ತೇನಿ ಅಂತ ನಾ ಎದ್ದು ಹೋದ್ರ ಹೆಂಗಸರು ನನ್ನ ಬಿಟ್ಟಾರೇನ್ರಿ? ಬೋಳಗೈ ಬಿಟ್ಟು ಏಳಬಾರದು ಅಂತ ನಮ್ಮತ್ತಿ ಮೊದಲನೇ ದಿನಾನ ಕಲಿಸಿದ್ಲು!”

ತರಗತಿ ಗೊಳ್ಳೆಂದಿತು. ಪ್ರತಿಮಾಳೂ ನಕ್ಕಳು. ನಕ್ಕವಳೇ ಹಲಗೆಯ ಹೂವನ್ನು ಅಳಿಸಿಹಾಕಿದಳು.

“ಖರೇ ಅದರಿ. ತಪ್ಪು ನಂದು. ಬರ್ರಿ, ಕೂಡ್ರಿ. ಇವತ್ತ ಎರಡನೇ ಕೈ.”

ಆಮೇಲೆ ಆದದ್ದು ಪಾಠವೋ ಸಂತೆಯೋ! ಮಕ್ಕಳು ಎದ್ದೆದ್ದು ಕೇಳುವುದು, ಪ್ರತಿಮಾ ಹೇಳುವುದು. ಕೈ ಹಿಡಿದರೆ? ಇಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ? ಇಲ್ಲ. ಸೊಳ್ಳೆ ಕಚ್ಚಿದರೆ? ಒಂದೇ ಸಂಡಾಸಿಗೆ ಹೋದರೆ? ಇಲ್ಲ, ಇಲ್ಲ. ಬಳೆ? ಆ ವೈರಾಣು ಮೈಯ ಹೊರಗೆ ಬಹಳ ಹೊತ್ತು ಬಾಳುವುದಿಲ್ಲ, ಬಳೆ ಇಡುವುದರಿಂದ ಅದು ಬರುವುದಿಲ್ಲ. ಹಾಗಂತ ಯಾರ ರಕ್ತವನ್ನೂ ಹಗುರವಾಗಿ ತಗೊಳ್ಳಬಾರದು: ಒಡೆದ ಬಳೆ ಎಸೆಯಬೇಕು, ಗಾಯವನ್ನು ಹೊಸ ಹತ್ತಿಯಿಂದ ಒರೆಸಬೇಕು, ಕೈ ತೊಳೆಯಬೇಕು. ಸೋಂಕಿದ್ದವರು ದಿನವೂ ತಪ್ಪದೆ ಗುಳಿಗೆ ತಗೊಂಡರೆ ಎಲ್ಲರ ಹಾಗೆ ದುಡಿದು ಬಹುಕಾಲ ಬಾಳುತ್ತಾರೆ.

“ಹಂಗಾರ ಅಂಥಾಕಿ ಕೈಗೂ ನಾ ಬಳಿ ಇಡಬಹುದು?” ಮುಮ್ತಾಜಳ ದನಿ ಈಗ ಮೆತ್ತಗಾಗಿತ್ತು.

“ಇಡಬಹುದಲ್ಲ, ಇಡಬೇಕರಿ.”

ತನ್ನ ಕೈ ಶುದ್ಧವೆಂದು ಸಾಧಿಸಲು ಬಂದಿದ್ದಳು ಅವಳು. ಎರಡು ದಿನ ತನಗೆ ಆದ ಸಂಕಟವನ್ನು ಯಾವಳೋ ವರ್ಷಗಟ್ಟಲೆ ನುಂಗುತ್ತಿರಬಹುದೆಂದು ಆಗಷ್ಟೇ ಹೊಳೆಯಿತು. ಮಲಾರವನ್ನು ತೊಡೆಯ ಮೇಲೆ ಎಳೆದುಕೊಂಡು ಕೂತಳು.

ಕೂರಲು ಬಿಟ್ಟರೆ ತಾನೆ! ಹಿಂದಿನ ಬೆಂಚಿನಿಂದ ಗಿರಿಜವ್ವನ ಮಗ ಚನ್ನು ಕೂಗಿದ: “ನನಗೂ ಇಡ್ರಿ ಬಳಿ!”

ಹುಡುಗರು ಕೇಕೆ ಹಾಕಿದರು. ಮುಮ್ತಾಜ ಎದ್ದಳು. “ಬಾರೋ ನಮ್ಮಪ್ಪ, ಬಾ. ಎರಡು ಎಂಟು ನಿಂದು.”

ಅವನು ಮೀಸೆ ಬಾರದ ತುಟಿ ತಿರುವುತ್ತ ಬಂದು ಕೈ ಚಾಚಿದ. “ಇಡ್ಲೇನು?” ಕೇಳಿದಳು. “ಇಡ್ರಿ,” ಅಂದ. ಬಳೆ ಬೆರಳ ಗಂಟಿಗೆ ಬಂದದ್ದೇ ತಡ, “ಸಾಕ್ರಿ, ಸಾಕ್ರಿ!” ಎಂದು ಕುಣಿದ. ಅವಳು ಅಲ್ಲೇ ನಿಲ್ಲಿಸಿ, ನಿಧಾನವಾಗಿ ಹಿಂದಕ್ಕೆ ತೆಗೆದಳು.

“ನೋಡ್ರಿ ಮಕ್ಕಳಾ, ಇವ ತಾನ ಬಂದ, ತಾನ ಕೈ ಕೊಟ್ಟ. ಆದ್ರೂ ನಡುವ ಸಾಕಂದ, ನಾ ತಗದೆ. ಕೈ ಕೊಟ್ಟಾನಲ್ಲ ಅಂತ ತಳ್ಳಿದ್ರ ಬಳಿನೂ ಒಡೀತದ, ಕೈನೂ ಕೊರೀತದ. ನಮ್ಮ ಧಂದೆದಾಗ ಒಮ್ಮಿ ಕೇಳಿದ್ರ ಸಾಲೂದಿಲ್ಲ. ಬಳಿ ಬಳಿಗೂ ಕೇಳಬೇಕು.”

ಚನ್ನು ತನ್ನ ಕೈ ನೋಡಿಕೊಳ್ಳುತ್ತ ಬೆಂಚಿಗೆ ಮರಳಿದ. ಪ್ರತಿಮಾ ಸೀಮೆಸುಣ್ಣ ಕೈಯಲ್ಲೇ ಮರೆತಿದ್ದಳು. “ಮುಮ್ತಾಜಬಾಯಿ, ಇದು ನನ್ನ ಐದನೇ ಶುಕ್ರವಾರದ ಪಾಠರಿ! ಪ್ರೀತಿ, ಒಪ್ಪಿಗಿ… ಇದನ್ನ ಹೆಂಗ ಹೇಳೂದಂತ ನಾ ತಿಂಗಳಿಂದ ತಲಿ ಕೆಡಿಸ್ಕೊಂಡಿದ್ದೆ!”

ಮುಮ್ತಾಜ ಮನೆಗೆ ನಡೆದು ಬಂದಳೋ ಹಾರಿ ಬಂದಳೋ ಅವಳಿಗೇ ನೆನಪಿಲ್ಲ. ಆದರೆ ಸಾಲಿನ ಬಾಗಿಲುಗಳು ಹಾಗೇ ಮುಚ್ಚಿದ್ದವು. ಟೀಚರ್ ಹೇಳಿದರೆ ಶಾಲೆ ನಂಬೀತು, ಸಾಲು ನಂಬಬೇಕಲ್ಲ?

ಮರುದಿನ ಬೆಳಗಾಗುತ್ತಲೇ ಯಾರೋ ಬಾಗಿಲು ಬಡಿದರು. ಗಿರಿಜವ್ವ. ಮುಖ ಊದಿತ್ತು.

“ನಾ ತಪ್ಪಂತ ಒಪ್ಪಾಕ ಬಂದಿಲ್ಲ,” ಅಂದಳು. “ನನ್ನ ಮಗ ಉಣ್ಣಾಕ ಬಿಡವಲ್ಲ, ಮಲಗಾಕ ಬಿಡವಲ್ಲ. ‘ಅವ್ವಾ, ಅರ್ಧ ಕೇಳಿ ಊರಿಗೆಲ್ಲಾ ಸಾರಿದಿ, ಈಗ ಪೂರ್ತಿ ಸಾರು’ ಅಂತಾನ. ಸೊಳ್ಳಿಯಿಂದ ಬರಂಗಿಲ್ಲಂತಲ್ಲ?”

“ಬರಂಗಿಲ್ಲ.”

“ತಾಟಿನಿಂದ?”

“ಇಲ್ಲವಾ.”

“ಬಳಿಯಿಂದ?”

“ಚನ್ನು ಹೇಳಿಲ್ಲೇನು ನಿನಗ?”

“ಹೇಳ್ಯಾನ, ಹೇಳ್ಯಾನ. ನಿನ್ನ ಬಾಯಿಲೆ ಕೇಳೂನಂತ,” ಎಂದು ಗಿರಿಜವ್ವ ಹೊಸ್ತಿಲ ಮೇಲೆ ಕೂತೇ ಬಿಟ್ಟಳು. ಎರಡೂ ಕೈ ಚಾಚಿದಳು. ಆಮೇಲೆ ಬೀದಿಯ ಕಡೆ ಮುಖ ತಿರುಗಿಸಿ, ನೆರೆಯ ಹೆಂಗಸರನ್ನು ಕರೆಯುತ್ತ ಗಂಟಲು ತೆರೆದಳು:

“ಏ ಮುನ್ನೀ! ಏ ಅಸ್ಮಾ! ಬರ್ರೇ ಹೊರಗ! ಸೊಳ್ಳಿಯಿಂದ ಬರಂಗಿಲ್ಲಂತ, ತಾಟಿನಿಂದ ಬರಂಗಿಲ್ಲಂತ, ಬಳಿಯಿಂದಂತೂ ಬರಂಗಽ ಇಲ್ಲಂತ! ನಾ ಹೇಳಾಕತ್ತೇನಿ, ಕೇಳ್ಸಾಕತ್ತೈತಿಲ್ಲ?”

ಮೂರನೇ ಸಾಲಿನಲ್ಲಿ ಮೊದಲು ಒಂದು ಕದ ತೆರೆಯಿತು, ಆಮೇಲೆ ಇನ್ನೊಂದು.